ಅಣ್ಣಿಗೇರಿ ರಸ್ತೆ ಮತ್ತು ಬೆಲ್ಲದ ಆಣ

ಕಳೆದ ವರ್ಷ ಜುಲೈಯ ಒಂದು ಭಾನುವಾರ. ಬೆಳಗ್ಗೆ ಹನ್ನೊಂದೂವರೆ ಆಗಿತ್ತು. ನಲವಡಿ ಹತ್ತಿರ ರಸ್ತೆ ಬದಿ ಸೈಕಲ್ ಮಲಗಿಸಿ ನಾನೂ ಅದರ ಪಕ್ಕ ಕೂತುಬಿಟ್ಟಿದ್ದೆ. ಹುಬ್ಬಳ್ಳಿಯಿಂದ ಐದಕ್ಕೆ ಹೊರಟು, ಗದಗ ದಾಟಿ ಲಕ್ಕುಂಡಿ ಮುಟ್ಟಿ ವಾಪಸ್ ಬರುವ ಲೆಕ್ಕ. ಸುಮಾರು 140 ಕಿ.ಮೀ. ಹೋಗುವಾಗ ಗಾಳಿ ಬೆನ್ನಿಗಿತ್ತು, ಹಾಗಾಗಿ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯ ಇತ್ತು. ಬರುವಾಗ ಅದೇ ಗಾಳಿ ಎದೆಗೆ ಬಂತು. ಮಳೆಗಾಲದಲ್ಲಿ ಆ ಎರಿ ಹೊಲಗಳ ನಡುವೆ ಪಡುವಣ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ.

ಅಣ್ಣಿಗೇರಿ ದಾಟುವಾಗಲೇ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಕೈ ಸಣ್ಣಗೆ ನಡುಗುತ್ತಿತ್ತು, ತಣ್ಣನೆ ಬೆವರು. ಕಿಲೋಮೀಟರ್ ಕಲ್ಲಿನ ಮೇಲೆ ಹುಬ್ಬಳ್ಳಿ ಎಷ್ಟು ಅಂತ ಬರೆದದ್ದನ್ನು ಮೂರು ಸಲ ಓದಿದೆ, ತಲೆಗೆ ಹೋಗಲಿಲ್ಲ. ಸೈಕಲ್ ಮಂದಿ ಇದಕ್ಕೆ ‘ಬಾಂಕ್’ ಅನ್ನುತ್ತಾರೆ. ಸ್ನಾಯುಗಳಲ್ಲೂ ಲಿವರ್‌ನಲ್ಲೂ ಕೂಡಿಟ್ಟ ಗ್ಲೈಕೋಜನ್, ಅಂದರೆ ಮೈಯ ಸಕ್ಕರೆ ದಾಸ್ತಾನು, ತಳ ಹತ್ತಿದಾಗ ಆಗುವ ಅವಸ್ಥೆ. ಮೈಯಲ್ಲಿ ಅದು ಇರುವುದೇ 400–500 ಗ್ರಾಂ ಆಸುಪಾಸು. ಎರಡು ಮೂರು ತಾಸು ಗಟ್ಟಿಯಾಗಿ ತುಳಿದರೆ ಮುಗಿಯುತ್ತ ಬರುತ್ತದೆ. ಕೊಬ್ಬು ಬೇಕಾದಷ್ಟಿರುತ್ತದೆ, ನನಗಂತೂ ಜಾಸ್ತಿಯೇ ಇದೆ. ಆದರೆ ಅದನ್ನು ಉರಿಸಿ ಎದುರುಗಾಳಿಯಲ್ಲಿ ಓಡುವಷ್ಟು ವೇಗವಾಗಿ ಶಕ್ತಿ ಹುಟ್ಟುವುದಿಲ್ಲ.

ತಿನ್ನಲು ಇರಲಿಲ್ಲ ಅಂತಲ್ಲ. ಜೇಬಿನಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ ಇತ್ತು. ಒಂದನ್ನು ಲಕ್ಕುಂಡಿಯಲ್ಲಿ ತಿಂದಿದ್ದೆ, ಅದಿನ್ನೂ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಗದಗಿನಲ್ಲಿ ತಿಂದ ವಡೆಯೂ ಅದರ ಜೊತೆಗೇ ಇತ್ತು. ಇನ್ನೊಂದು ಉಂಡಿಯನ್ನು ಬಾಯಿ ಹತ್ತಿರ ತಂದರೆ ವಾಕರಿಕೆ. ಕೊನೆಗೆ ಸೈಕಲ್ ನೂಕಿಕೊಂಡು ಒಂದು ಡಬ್ಬಿ ಅಂಗಡಿ ಮುಟ್ಟಿದೆ. ಅಂಗಡಿಯ ಅಕ್ಕ ನನ್ನ ಮುಖ ನೋಡಿ, “ಸಕ್ರಿ ಜಾಸ್ತಿ ಹಾಕ್ಲೇನ್ರೀ?” ಅಂದರು. ಎರಡು ಕಪ್ ಚಹಾ ಕುಡಿದೆ. ಸಕ್ಕರೆ ಎಷ್ಟಿತ್ತೆಂದರೆ ಕಪ್ಪಿನ ತಳದಲ್ಲಿ ಕರಗದೆ ಉಳಿದಿತ್ತು. ಕಾಲು ತಾಸಿನಲ್ಲಿ ಕಣ್ಣು ತಿಳಿಯಾಯಿತು. ಕಿಲೋಮೀಟರ್ ಕಲ್ಲು ಓದಲು ಬಂತು. ಉಂಡಿ, ವಡೆ, ಬಾಳೆಹಣ್ಣು ಯಾವುದೂ ಮಾಡದ್ದನ್ನು ನಾಲ್ಕಾರು ಚಮಚ ಸಕ್ಕರೆ ಮಾಡಿತ್ತು.

ಆಗ ಡಿಸೆಂಬರಿನ 200 ಕಿ.ಮೀ. ಬ್ರೆವೆಗೆ ಹೆಸರು ಕೊಟ್ಟಿದ್ದೆ. ಬ್ರೆವೆ ಅಂದರೆ ಪಂದ್ಯ ಅಲ್ಲ, ಯಾರೂ ಮೊದಲಿಗರಲ್ಲ. 200 ಕಿ.ಮೀ.ಯನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸಬೇಕು, ಅಷ್ಟೇ. ಆದರೆ ದಾರಿಯಲ್ಲಿ ನಿಮ್ಮ ಊಟ-ನೀರು, ರಿಪೇರಿ ಎಲ್ಲ ನಿಮ್ಮದೇ. 140ಕ್ಕೇ ಮಲಗಿದವನಿಗೆ 200 ಹೇಗೆ?

ಜೊತೆಗೆ ಸೈಕಲ್ ಹೊಡೆಯುವ ಸರ್ ಒಬ್ಬರು ತಮ್ಮ ಹತ್ತಿರ ಇದ್ದ ಎನರ್ಜಿ ಜೆಲ್ ಒಂದು ಕೊಟ್ಟರು, ಸವಾರಿಯಲ್ಲೇ ಹಿಂಡಿ ನುಂಗುವ ಸಿಹಿ ಪಾಕದ ಪೊಟ್ಟಣ. ಕೆಮ್ಮಿನ ಔಷಧಿಗೆ ಮಾವಿನ ವಾಸನೆ ಹಾಕಿದಂತಿತ್ತು. ಆದರೆ ಕೆಲಸ ಮಾಡಿತು. ಹಿಂದೆ ತಿರುಗಿಸಿ ಓದಿದೆ: ಮಾಲ್ಟೋಡೆಕ್ಸ್‌ಟ್ರಿನ್, ಫ್ರಕ್ಟೋಸ್, ನೀರು, ಉಪ್ಪು, ಹುಳಿ. ಒಂದು ಪೊಟ್ಟಣದಲ್ಲಿ ಸುಮಾರು 25 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ-ಪಿಷ್ಟ). ಬೆಲೆ ನೂರು ರೂಪಾಯಿ ಆಸುಪಾಸು. ನಾನು ವೃತ್ತಿಯಿಂದ ಲೆಕ್ಕಪತ್ರ ಬರೆಯುವವನು, ಕೂಡಲೇ ಗುಣಾಕಾರ ಹಾಕಿದೆ. ದೀರ್ಘ ಸವಾರಿಗೆ ತಾಸಿಗೆ 60 ಗ್ರಾಂ ಬೇಕು ಅಂತಿಟ್ಟುಕೊಂಡರೆ ಹತ್ತು ತಾಸಿಗೆ 24 ಪೊಟ್ಟಣ. ಎರಡು ಸಾವಿರದ ನಾನೂರು ರೂಪಾಯಿ, ಅದೂ ಒಂದೇ ದಿನದ ಸಕ್ಕರೆ ನೀರಿಗೆ. ಅವ್ವನಿಗೆ ಈ ಅಂಕಿ ಹೇಳಲೇ ಇಲ್ಲ.

ಮನೆಯಲ್ಲೇ ಮಾಡುವುದು ಅಂತ ಆಯಿತು. ಮೊದಲ ಪ್ರಯತ್ನ ಖರ್ಜೂರ. ಎಲ್ಲರೂ ಅದನ್ನೇ ಹೇಳುತ್ತಾರೆ, ‘ನೈಸರ್ಗಿಕ’ ಅಂತ. ಬೀಜ ತೆಗೆದು, ನೆನೆಹಾಕಿ, ಮಿಕ್ಸರ್‌ಗೆ ಹಾಕಿ ನುಣ್ಣಗೆ ರುಬ್ಬಿದೆ. ರುಚಿ ಅದ್ಭುತ. ಮುಂದಿನ ಭಾನುವಾರ ಧಾರವಾಡ ದಾಟಿ ಹಳಿಯಾಳ ರಸ್ತೆಯಲ್ಲಿ ತಾಸಿಗೆ ಎಂಬತ್ತು ಗ್ರಾಂನಂತೆ ತಿನ್ನುತ್ತ ಹೋದೆ. ಖರ್ಜೂರದಲ್ಲಿ ನೂರಕ್ಕೆ ಏಳೆಂಟು ಗ್ರಾಂ ನಾರು ಇರುತ್ತದೆ. ಮನೆಯಲ್ಲಿ ಕೂತವನಿಗೆ ಅದು ಒಳ್ಳೆಯದೇ. ಮೂರು ತಾಸು ಬಗ್ಗಿ ಕೂತು ತುಳಿದ ಹೊಟ್ಟೆಗೆ ಮಾತ್ರ ಅದು ಬೇರೆಯೇ ಸಂದೇಶ ಕೊಡುತ್ತದೆ. ಹಳಿಯಾಳ ಬಸ್‌ಸ್ಟ್ಯಾಂಡ್ ಎಲ್ಲಿದೆ, ಅದರ ಯಾವ ಮೂಲೆಯಲ್ಲಿ ಏನಿದೆ ಅಂತ ಆವತ್ತು ಕಲಿತೆ. ಇಷ್ಟು ಸಾಕು.

ಅಲ್ಲಿಂದ ಸ್ವಲ್ಪ ಓದಿದೆ. ಮೊದಲೇ ಓದಬೇಕಿತ್ತು. ಕರುಳು ಒಂದೇ ಬಗೆಯ ಸಕ್ಕರೆಯನ್ನು ತಾಸಿಗೆ ಸುಮಾರು 60 ಗ್ರಾಂ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಗ್ಲೂಕೋಸ್ ಹೋಗುವ ದಾರಿ ಬೇರೆ, ಫ್ರಕ್ಟೋಸ್ ಹೋಗುವ ದಾರಿ ಬೇರೆ. ನಮ್ಮ ಹುಬ್ಬಳ್ಳಿ-ಧಾರವಾಡ ರಸ್ತೆಯನ್ನೇ ನೆನೆಸಿಕೊಳ್ಳಿ. ನಡುವಿನ ಪಥದಲ್ಲಿ ಚಿಗರಿ ಬಸ್ಸು, ಪಕ್ಕದಲ್ಲಿ ಉಳಿದ ಗಾಡಿಗಳು. ಒಂದು ಪಥ ತುಂಬಿದರೂ ಇನ್ನೊಂದು ಓಡುತ್ತಿರುತ್ತದೆ. ಎರಡೂ ಸಕ್ಕರೆ ಕೂಡಿಸಿ ಕೊಟ್ಟರೆ ತಾಸಿಗೆ 90 ಗ್ರಾಂವರೆಗೂ ಮೈ ಬಳಸಿಕೊಳ್ಳಬಲ್ಲದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಆಸ್ಕರ್ ಯೂಕೆಂಡ್ರುಪ್ ಮತ್ತವರ ಜೊತೆಗಾರರು 2000ರ ದಶಕದಲ್ಲಿ ಸೈಕಲ್ ಹೊಡೆಯುವವರ ಮೇಲೆ ಮಾಡಿದ ಪ್ರಯೋಗಗಳಿಂದ ಈ ಲೆಕ್ಕ ಗಟ್ಟಿಯಾಯಿತು. ಮಾಲ್ಟೋಡೆಕ್ಸ್‌ಟ್ರಿನ್ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ ಆಗುತ್ತದೆ; ಜೆಲ್ ಪೊಟ್ಟಣದ ಮೇಲೆ ಅದು ಮತ್ತು ಫ್ರಕ್ಟೋಸ್ ಅಂತ ಎರಡು ಹೆಸರು ಯಾಕಿದ್ದವು ಅಂತ ಆಗ ತಿಳಿಯಿತು.

ಇದನ್ನು ಓದುತ್ತಿದ್ದಾಗಲೇ ತಲೆಗೆ ಹೊಳೆದದ್ದು ಬೆಲ್ಲ. ಬೆಲ್ಲದ ಬಹುಪಾಲು ಸುಕ್ರೋಸ್. ಒಂದು ಸುಕ್ರೋಸ್ ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಅಂದರೆ ಎರಡೂ ದಾರಿಗೆ ಸಾಮಾನು ಒಂದೇ ಅಚ್ಚಿನಲ್ಲಿ ಸಿಕ್ಕಹಾಗೆ. ಸಕ್ಕರೆಯೂ ಹಾಗೇ ಅಲ್ವಾ ಅಂದರೆ, ಹೌದು, ಹಾಗೇ. ಬೆಲ್ಲದಲ್ಲಿ ಕಬ್ಬಿಣ ಇದೆ, ಅದಕ್ಕೇ ಶಕ್ತಿ ಬರುತ್ತದೆ ಅನ್ನುವ ಮಾತನ್ನು ನಾನು ಇಲ್ಲಿ ಹೇಳುವುದಿಲ್ಲ. ಸೈಕಲ್ ಮೇಲೆ ಕೂತ ಹತ್ತು ತಾಸಿನಲ್ಲಿ ಕಬ್ಬಿಣ ಏನೂ ಮಾಡುವುದಿಲ್ಲ. ಐದನೇ ತಾಸಿನಲ್ಲಿ ಸಕ್ಕರೆ ನೀರಿಗಿಂತ ಬೆಲ್ಲದ ರುಚಿ ಗಂಟಲಲ್ಲಿ ಇಳಿಯುತ್ತದೆ. ನನಗೆ ಅದೇ ದೊಡ್ಡ ಕಾರಣ.

ದುರ್ಗದ ಬೈಲಿಗೆ ಹೋಗಿ ಮಹಾಲಿಂಗಪುರದ ಬೆಲ್ಲ ತಂದೆ. ಹಳದಿಗೆ ಹೊಳೆಯುವುದನ್ನು ಬಿಟ್ಟು ಕಂದು ಬಣ್ಣದ್ದನ್ನು ಆರಿಸಿದೆ, ಹೊಳಪು ಬರಲಿ ಅಂತ ಬೆಲ್ಲಕ್ಕೆ ರಾಸಾಯನಿಕ ಹಾಕುವುದುಂಟು. ಅರ್ಧ ಕಿಲೋ ಕುಟ್ಟಿ, ಬೋಗುಣಿಗೆ ಹಾಕಿ, ನೀರು ಸೇರಿಸಿ ಕುದಿಸಿದೆ. ಮೇಲೆ ಬಂದ ನೊರೆ ತೆಗೆದೆ. ಅರಿವೆಯಲ್ಲಿ ಸೋಸಿದಾಗ ತಳದಲ್ಲಿ ಉಳಿದ ಮಣ್ಣು, ಕಬ್ಬಿನ ಸಿಪ್ಪೆ ನೋಡಿ ಇಷ್ಟು ವರ್ಷ ಏನೇನು ತಿಂದಿದ್ದೇನೆ ಅನ್ನಿಸಿತು. ಮತ್ತೆ ಒಲೆಗೆ ಇಟ್ಟು ಗಟ್ಟಿ ಮಾಡಿದೆ. ಉಪ್ಪು ಹಾಕಿದೆ. ಆರಿಸಿ ಬಾಟಲಿಗೆ ತುಂಬಿದೆ. ಜೇನುತುಪ್ಪದಂಥ ಹದ. ಬಹಳ ಖುಷಿಯಾಗಿ ಮಲಗಿದೆ.

ಮೂರನೇ ದಿನ ಸವಾರಿಯಲ್ಲಿ ಬಾಟಲಿ ಹಿಂಡಿದರೆ ಏನೂ ಬರಲಿಲ್ಲ. ಇನ್ನೂ ಜೋರಾಗಿ ಹಿಂಡಿದೆ. ಮುಚ್ಚಳವೇ ಹಾರಿ, ಅರ್ಧ ಬಾಟಲಿ ಜರ್ಸಿಯ ಮೇಲೆ, ಹ್ಯಾಂಡಲ್ ಮೇಲೆ, ಗೇರಿನ ಲಿವರ್ ಒಳಗೆ. ಒಳಗೆ ಪಾಕ ಹರಳುಗಟ್ಟಿ ಮೂತಿ ಕಟ್ಟಿಕೊಂಡಿತ್ತು. ಉಣಕಲ್ ಕೆರೆ ಹತ್ತಿರ ಹತ್ತು ನಿಮಿಷ ನಿಂತು ಕೈ ತೊಳೆದು ಬರುವಷ್ಟರಲ್ಲಿ ಸೈಕಲ್ಲಿಗೆ ಇರುವೆ ಸಾಲು ಹಿಡಿದಿತ್ತು. ಆ ಇರುವೆಗಳ ಪೈಕಿ ಕೆಲವು ನನ್ನ ಜೊತೆ ಮನೆತನಕ ಬಂದವು.

ಅವ್ವ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ಲಿಂಬಿಹಣ್ಣ ಹಿಂಡಿದ್ದಿಲ್ಲೇನು?”

“ಲಿಂಬಿ ಯಾಕಬೇ?”

“ಪಾಕ ಸಕ್ರಿ ಆಗಬಾರ್ದಂದ್ರ ಲಿಂಬಿ ಹಿಂಡಬೇಕು. ಚಿರೋಟಿಗೆ ಪಾಕ ಮಾಡಬೇಕಾದ್ರ ಏನ್ ನೋಡಿದ್ದಿ ಇಷ್ಟ ದಿನ? ತಿನ್ನೂದಷ್ಟ ನೋಡಿದ್ದಿ.”

ಅವ್ವ ಹೇಳಿದ್ದರ ಹಿಂದಿನ ರಸಾಯನಶಾಸ್ತ್ರ ಸರಳ. ಹುಳಿ ಮತ್ತು ಕಾವು ಕೂಡಿದರೆ ಸುಕ್ರೋಸಿನ ಒಂದು ಪಾಲು ಅಲ್ಲೇ ಬೋಗುಣಿಯಲ್ಲೇ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಮೂರು ಬಗೆ ಸಕ್ಕರೆ ಬೆರೆತಾಗ ಹರಳು ಕಟ್ಟುವುದು ಕಷ್ಟ. ಶಿರಸಿ-ಸಿದ್ದಾಪುರ ಕಡೆಯ ಜೋನಿ ಬೆಲ್ಲ ವರ್ಷಗಟ್ಟಲೆ ನೀರಾಗಿಯೇ ಇರುವುದರಲ್ಲಿ ಈ ಒಡೆದ ಸಕ್ಕರೆಯ ಪಾತ್ರ ದೊಡ್ಡದು. ಹಾಗಾದರೆ ಜೋನಿ ಬೆಲ್ಲವನ್ನೇ ತಂದುಬಿಡಬಹುದಲ್ಲ ಅಂತ ನೀವು ಕೇಳಬಹುದು. ತಂದೆ. ಚೆನ್ನಾಗಿಯೇ ಇದೆ. ಆದರೆ ಒಂದೊಂದು ಡಬ್ಬಿಯದು ಒಂದೊಂದು ಹದ. ಅದರಲ್ಲಿ ನೀರೆಷ್ಟು, ಸಕ್ಕರೆಯೆಷ್ಟು ಅಂತ ತಿಳಿಯದೆ ತಾಸಿಗೆ 60 ಗ್ರಾಂ ಲೆಕ್ಕ ಹಿಡಿಯುವುದು ಹೇಗೆ?

ಹದ ಹಿಡಿಯುವುದೇ ಇಲ್ಲಿ ನಿಜವಾದ ಕೆಲಸ. ಅವ್ವನ ಅಳತೆ ಬೆರಳಿನದು. ಹೆಬ್ಬೆರಳು ತೋರುಬೆರಳಿನ ನಡುವೆ ಅಂಟಿಸಿ ಎಳೆ ಬಂತೋ ಇಲ್ಲವೋ ನೋಡುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ, ಹಾಗಾಗಿ ನಾಲಿಗೆಯಿಂದಲ್ಲ, ಬೆರಳಿಂದಲೇ ಎಲ್ಲ. ನನ್ನ ಬೆರಳಿಗೆ ಆ ವಿದ್ಯೆ ಇಲ್ಲ, ಬೊಕ್ಕೆ ಮಾತ್ರ ಬಂತು. ಅದಕ್ಕೆ ತೂಕದ ದಾರಿ ಹುಡುಕಿದೆ. ಖಾಲಿ ಬೋಗುಣಿಯನ್ನು ಅಡುಗೆ ತಕ್ಕಡಿ ಮೇಲಿಟ್ಟು ತೂಕ ಬರೆದಿಟ್ಟುಕೊಳ್ಳುವುದು. 500 ಗ್ರಾಂ ಬೆಲ್ಲ, ಒಂದು ದೊಡ್ಡ ಲೋಟ ನೀರು, ಎರಡು ಲಿಂಬೆಹಣ್ಣಿನ ರಸ. ಕರಗಿಸಿ, ಸೋಸಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ. ನಡುನಡುವೆ ಇಳಿಸಿ ತೂಗುವುದು. ಒಳಗಿನ ಪಾಕ 640 ಗ್ರಾಂಗೆ ಬಂದಾಗ ಒಲೆ ಆರಿಸುವುದು. 500 ಗ್ರಾಂ ಬೆಲ್ಲದಲ್ಲಿ ತೇವ, ಕಸ ಕಳೆದು ಸಕ್ಕರೆ ಸುಮಾರು 450 ಗ್ರಾಂ ಅಂತ ಹಿಡಿದಿದ್ದೇನೆ. ಅಲ್ಲಿಗೆ ಪಾಕದಲ್ಲಿ ನೂರಕ್ಕೆ 70 ಪಾಲು ಸಕ್ಕರೆ. ಬಾಟಲಿಯಿಂದ ಹಿಂಡಿದರೆ ಸರಾಗ ಬರುತ್ತದೆ, ಕೆಡುವಷ್ಟು ತೆಳುವೂ ಅಲ್ಲ. ಫ್ರಿಜ್ಜಿನಲ್ಲಿ ಎರಡು ವಾರ ನಾನೇ ಇಟ್ಟು ನೋಡಿದ್ದೇನೆ. ನೀರು ಬೆರೆಸಿದ ಮೇಲೆ ಮಾತ್ರ ಅವತ್ತಿಂದು ಅವತ್ತೇ ಮುಗಿಸಬೇಕು. ಒಮ್ಮೆ ಉಳಿದ ಪಾನಕವನ್ನು ಬಾಟಲಿಯಲ್ಲೇ ಮರೆತು ಎರಡು ದಿನ ಬಿಟ್ಟು ತೆರೆದೆ. ಫುಸ್ ಅಂತ ಹುಳಿ ವಾಸನೆ ಬಂತು. ಇನ್ನೆರಡು ದಿನ ಬಿಟ್ಟಿದ್ದರೆ ಅದು ಬೇರೆ ಇಲಾಖೆಗೆ ಸೇರುತ್ತಿತ್ತು.

ನಮ್ಮ ಮನೆಯಲ್ಲಿ ಯಾರೂ ಇದಕ್ಕೆ ಜೆಲ್ ಅನ್ನುವುದಿಲ್ಲ. ಆಣ. ಉಂಡಿ ಕಟ್ಟಲು ಮಾಡುವ ಬೆಲ್ಲದ ಆಣ ಇದೆಯಲ್ಲ, ಅದರ ತಮ್ಮ.

ಉಪ್ಪಿನ ಲೆಕ್ಕದಲ್ಲೂ ಒಮ್ಮೆ ಎಡವಿದೆ. ಚಮಚ ಲೆಕ್ಕದಲ್ಲಿ ಹಾಕಿ ಒಂದು ಇಡೀ ಪಾಕ ಕುಡಿಯಲಾಗದಂತೆ ಮಾಡಿದೆ. ಒಂದು ಸಣ್ಣ ಚಮಚ ಉಪ್ಪು ಅಂದರೆ ಐದಾರು ಗ್ರಾಂ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 390 ಮಿ.ಗ್ರಾಂ ಸೋಡಿಯಂ. ಬೆವರಲ್ಲಿ ಹೋಗುವ ಸೋಡಿಯಂ ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಲೀಟರಿಗೆ ಇನ್ನೂರು ಮಿ.ಗ್ರಾಂ, ಕೆಲವರಿಗೆ ಸಾವಿರ ದಾಟುತ್ತದೆ. ನನ್ನ ಕಪ್ಪು ಜರ್ಸಿಯ ಬೆನ್ನ ಮೇಲೆ ಬಿಳಿ ನಕ್ಷೆ ಮೂಡುತ್ತದೆ, ಅಂದರೆ ನಾನು ಉಪ್ಪಿನ ಆಸಾಮಿ. ಈಗ ಅರ್ಧ ಕಿಲೋ ಬೆಲ್ಲಕ್ಕೆ 8 ಗ್ರಾಂ ಉಪ್ಪು ಪಾಕದಲ್ಲೇ, ಉಳಿದದ್ದು ನೀರಿನ ಬಾಟಲಿಯಲ್ಲಿ ಬಿಸಿಲು ನೋಡಿ. ಸೈಂಧವ ಲವಣ ಹಾಕಿ ಅಂತ ಸಲಹೆ ಕೊಟ್ಟವರು ಬಹಳ ಮಂದಿ. ಅದರಲ್ಲೂ ಮುಖ್ಯವಾಗಿ ಇರುವುದು ಅದೇ ಸೋಡಿಯಂ ಕ್ಲೋರೈಡ್. ಬಣ್ಣ ಮಾತ್ರ ಚೆಂದ.

ಏಲಕ್ಕಿ ಹಾಕಿದೆ, ಒಣ ಶುಂಠಿ ಪುಡಿ ಹಾಕಿದೆ. ಶುಂಠಿ ವಾಕರಿಕೆಗೆ ಒಳ್ಳೆಯದು, ಅದು ಉಳಿಯಿತು. ಏಲಕ್ಕಿ ಮೂರನೇ ತಾಸಿನ ಮೇಲೆ ತೇಗಿನಲ್ಲಿ ಬರುತ್ತಿತ್ತು, ಬಿಟ್ಟೆ. ಹಾವೇರಿಯಲ್ಲಿ ಅದನ್ನು ಹಾರ ಮಾಡಿ ಕೊರಳಿಗೆ ಹಾಕುತ್ತಾರೆ, ಅಲ್ಲಿಯೇ ಇರಲಿ.

ಇನ್ನು ಹೊಟ್ಟೆಯ ತಾಲೀಮು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲಿಗೆ ಅಭ್ಯಾಸ ಬೇಕಾದಂತೆ ಕರುಳಿಗೂ ಬೇಕು. ಮೊದಲ ಎರಡು ವಾರ ತಾಸಿಗೆ 30 ಗ್ರಾಂ, ಆಮೇಲೆ 45, ಆಮೇಲೆ 60. ವಾಚಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಾಂ. ಹೊಡೆದಾಗೊಮ್ಮೆ ಒಂದು ಗುಟುಕು ಆಣ, ಹಿಂದೆಯೇ ನಾಲ್ಕು ಗುಟುಕು ಬರೀ ನೀರು. ನೀರು ಕುಡಿಯದಿದ್ದರೆ ಗಟ್ಟಿ ಪಾಕ ಕರುಳಿಗೆ ನೀರೆಳೆದುಕೊಂಡು ಹೊಟ್ಟೆ ಗುಡುಗುಡು ಅನ್ನುತ್ತದೆ. ಆ ನೀರು ಹಲ್ಲನ್ನೂ ತೊಳೆಯುತ್ತದೆ. ಹತ್ತು ತಾಸು ಬಾಯಲ್ಲಿ ಬೆಲ್ಲ ಇಟ್ಟುಕೊಂಡರೆ ಹಲ್ಲಿನ ಗತಿ ಏನು?

60 ಸಲೀಸಾದ ಮೇಲೆ ದುರಾಸೆ ಬಂತು. 90ಕ್ಕೆ ಏರಿಸೋಣ ಅಂತ ಮಾಲ್ಟೋಡೆಕ್ಸ್‌ಟ್ರಿನ್ ಒಂದು ಕಿಲೋ ತರಿಸಿದೆ. ಪಿಷ್ಟದಿಂದ ಮಾಡುವ ಬಿಳಿ ಪುಡಿ, ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್. ಲೆಕ್ಕ ಹೀಗಿತ್ತು: ಬೆಲ್ಲದ 60 ಗ್ರಾಂ ಸಕ್ಕರೆಯಿಂದ 30 ಗ್ಲೂಕೋಸ್, 30 ಫ್ರಕ್ಟೋಸ್. ಅದಕ್ಕೆ 30 ಗ್ರಾಂ ಮಾಲ್ಟೋ ಸೇರಿಸಿದರೆ ಗ್ಲೂಕೋಸ್ 60, ಫ್ರಕ್ಟೋಸ್ 30. ಪುಸ್ತಕದ ಪ್ರಕಾರ ಸರಿ. ದಾಂಡೇಲಿ ರಸ್ತೆಯ ಪ್ರಕಾರ ಸರಿ ಅಲ್ಲ. ಹೊಟ್ಟೆ ಡೊಳ್ಳಿನಂತಾಗಿ ಹ್ಯಾಂಡಲ್ ಮೇಲೆ ಬಗ್ಗಲು ಆಗಲಿಲ್ಲ. ಗಂಟೆಗೆ ನಲವತ್ತು ಕಿ.ಮೀ. ಓಡಿಸುವವರ ಅಂಕಿ ಅದು. ಇಪ್ಪತ್ತೆರಡರಲ್ಲಿ ಹೋಗುವ ನನಗೆ ಯಾಕೆ? ಆದರೆ ಮಾಲ್ಟೋ ದಂಡವಾಗಲಿಲ್ಲ. ಈಗ ತಾಸಿಗೆ 15–20 ಗ್ರಾಂ ನೀರಿನ ಬಾಟಲಿಗೆ, ಲಿಂಬೆ-ಉಪ್ಪಿನ ಜೊತೆ. ಉಳಿದ 45 ಗ್ರಾಂ ಆಣದಿಂದ. 150 ಮಿ.ಲೀ.ಯ ಒಂದು ಹಿಂಡುವ ಬಾಟಲಿ ಮೂರು ತಾಸಿಗೆ ಬರುತ್ತದೆ. ಸಿಹಿ ಒಂದೇ ಕಡೆ ಇಲ್ಲದಿದ್ದರೆ ಬಾಯಿಗೆ ಬೇಸರ ಕಡಿಮೆ.

ಕಡಿಮೆ ಅಷ್ಟೇ, ಇಲ್ಲ ಅಂತಲ್ಲ. ಐದನೇ ತಾಸಿಗೆ ಯಾವ ಸಿಹಿಯೂ ಬೇಡವಾಗುತ್ತದೆ. ಆಗ ಉಪ್ಪಿನದು, ಮೆತ್ತಗಿನದು, ಎಣ್ಣೆ ಇಲ್ಲದ್ದು ಬೇಕು. ಚುರುಮುರಿ ಒಯ್ದೆ: ಒಂದು ಚೀಲ ತಿಂದರೂ ಲೆಕ್ಕಕ್ಕೆ ಸಿಗದು, ಅರ್ಧ ಗಾಳಿಗೆ ಹಾರಿತು. ಧಾರವಾಡ ಪೇಡೆ ಒಯ್ದೆ: ಹಾಲಿನದು, ಬಿಸಿಲಿಗೆ ಗಂಟಲಲ್ಲೇ ನಿಂತಿತು, ಪೇಡೆಗೆ ಅವಮಾನ ಮಾಡಿದಂತಾಯಿತು. ಕೊನೆಗೆ ಅವ್ವ ರೊಟ್ಟಿ ಮುಟಗಿ ಮಾಡುವ ರೀತಿಯಲ್ಲೇ ಅನ್ನವನ್ನು ಮಿದ್ದು, ಉಪ್ಪು, ಒಂಚೂರು ಲಿಂಬೆ, ಜೀರಿಗೆ ಹಾಕಿ ಮುಷ್ಟಿಯಲ್ಲಿ ಒತ್ತಿ ಕೊಟ್ಟಳು. ಬೆಳ್ಳುಳ್ಳಿ ಎಣ್ಣೆ ಬೇಡ ಅಂತ ನಾನು ಕೈ ಮುಗಿಯಬೇಕಾಯಿತು. ನೂರು ಗ್ರಾಂ ಅನ್ನದಲ್ಲಿ 28 ಗ್ರಾಂ ಕಾರ್ಬ್. ಬೆಣ್ಣೆ ಕಾಗದದಲ್ಲಿ ಸುತ್ತಿದರೆ ಒಂದೇ ಕೈಯಲ್ಲಿ ತಿನ್ನಬಹುದು.

ಶೇಂಗಾ ಉಂಡಿ ಯಾಕೆ ಬೇಡ ಅಂತ ಅವ್ವನಿಗೆ ಒಪ್ಪಿಸುವುದು ಮಾತ್ರ ಕಷ್ಟವಾಯಿತು. ಶೇಂಗಾದಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಎಣ್ಣೆ. ಎಣ್ಣೆ ಇದ್ದಷ್ಟೂ ಆಹಾರ ಹೊಟ್ಟೆಯಿಂದ ಮುಂದೆ ಹೋಗುವುದು ನಿಧಾನ. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಅದೇ ಒಳ್ಳೆಯದು, ಬೇಗ ಹಸಿವಾಗುವುದಿಲ್ಲ. “ನಿಮ್ಮಪ್ಪ ಇದನ್ನ ತಿಂದು ಎತ್ತು ಹೂಡ್ತಿದ್ದ,” ಅಂದಳು. “ಅಪ್ಪ ಎತ್ತಿನ ಹಿಂದ ನಡೀತಿದ್ದಬೇ, ನಾನು ಎತ್ತು,” ಅಂದೆ. ನಕ್ಕಳು, ಒಪ್ಪಲಿಲ್ಲ.

ಡಿಸೆಂಬರಿನ ಬ್ರೆವೆ ಹೆದ್ದಾರಿಯಲ್ಲಿ. ವರೂರು, ಶಿಗ್ಗಾವಿ, ಬಂಕಾಪುರ ಕ್ರಾಸ್, ಹಾವೇರಿ, ಮೋಟೆಬೆನ್ನೂರು ದಾಟಿ ರಾಣೆಬೆನ್ನೂರು ಕಡೆ ಹೋಗಿ ತಿರುಗಿ ಬರುವುದು. ಆರಕ್ಕೆ ಹೊರಟಾಗ ಚಳಿ. ಜೇಬಿನಲ್ಲಿ ಮೂರು ಬಾಟಲಿ ಆಣ, ನಾಲ್ಕು ಮುಟಗಿ, ಪುಟ್ಟ ಚೀಲಗಳಲ್ಲಿ ಮಾಲ್ಟೋ. ಬಿಳಿ ಪುಡಿಯ ಪೊಟ್ಟಣ ನೋಡಿ ಪಕ್ಕದವರು ವಿಚಿತ್ರವಾಗಿ ನೋಡಿದರು.

ಚಳಿಗೆ ಆಣ ಗಟ್ಟಿಯಾಗುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಶಿಗ್ಗಾವಿವರೆಗೆ ಹಿಂಡಿ ಹಿಂಡಿ ಹೆಬ್ಬೆರಳು ನೋಯಿತು. ಆಮೇಲೆ ಬಾಟಲಿಯನ್ನು ಜರ್ಸಿ ಒಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಂಡೆ, ಸರಿಹೋಯಿತು. ಹಾವೇರಿ ದಾಟುವಷ್ಟರಲ್ಲಿ ಬಿಸಿಲೇರಿತು. ಅಲಾರಾಂ ಹೊಡೆಯುತ್ತಿತ್ತು, ನಾನು ಗುಟುಕರಿಸುತ್ತಿದ್ದೆ. ಹೇಳಲು ಏನೂ ಆಗಲಿಲ್ಲ, ಅದೇ ಬೇಕಾಗಿದ್ದದ್ದು. ವಾಪಸ್ ಬರುವಾಗ ಮೋಟೆಬೆನ್ನೂರಿನಲ್ಲಿ ಸಿಹಿ ಸಾಕಾಯಿತು, ಒಂದು ಗಿಡದ ನೆರಳಲ್ಲಿ ನಿಂತು ಎರಡು ಮುಟಗಿ ತಿಂದೆ. ಬಂಕಾಪುರ ಕ್ರಾಸ್ ಹತ್ತಿರ ಒಂದು ಅಲಾರಾಂ ತಪ್ಪಿಸಿದೆ, ಮುಂದಿನದನ್ನೂ ಮರೆತೆ. ಶಿಗ್ಗಾವಿ ಏರಿನಲ್ಲಿ ಅದೇ ಹಳೆಯ ತಣ್ಣನೆ ಬೆವರು ಶುರುವಾಯಿತು. ನಲವಡಿಯ ನೆನಪಾಗಿ ಹೆದರಿ ಎರಡು ಗುಟುಕು ಒಟ್ಟಿಗೇ ಕುಡಿದು, ನೀರು ಕುಡಿದು, ಹತ್ತು ನಿಮಿಷ ಮೆಲ್ಲಗೆ ತುಳಿದೆ. ಕಾಲು ಮರಳಿ ಬಂತು. ಹನ್ನೊಂದು ತಾಸು ಇಪ್ಪತ್ತು ನಿಮಿಷಕ್ಕೆ ಮುಗಿಸಿದೆ. ಖರ್ಚು ಲೆಕ್ಕ ಹಾಕಿದೆ, ಹಾಕದೆ ಇರಲಾರೆ: ಬೆಲ್ಲ, ಲಿಂಬೆ, ಅನ್ನ, ಮಾಲ್ಟೋ ಎಲ್ಲ ಸೇರಿ ನೂರೈವತ್ತು ದಾಟಲಿಲ್ಲ. ಗ್ಯಾಸ್ ಹಿಡಿದಿಲ್ಲ, ಅವ್ವನ ಕೂಲಿಯನ್ನೂ.

ಈಗ 300ರ ತಯಾರಿ. ಅದಕ್ಕೆ ಇಪ್ಪತ್ತು ತಾಸು ಸಮಯ, ರಾತ್ರಿಯೂ ಸೇರುತ್ತದೆ. ರಾತ್ರಿ ಬಾಟಲಿಗೆ ಕಾಫಿ ಪುಡಿ ಹಾಕಿ ನೋಡಬೇಕು. ಈ ಸಲ 700 ಗ್ರಾಂ ಬೆಲ್ಲ ಇಟ್ಟಿದ್ದೆ, ಬೇಕಾದ ತೂಕ 896. ತಕ್ಕಡಿ 897 ತೋರಿಸಿದಾಗ ಒಲೆ ಆರಿಸಲು ಹೋದೆ. ಅವ್ವ ಬೆರಳಿಂದ ನೋಡಿ, “ಇನ್ನೂ ಆಗಿಲ್ಲ, ಎಳಿನ ಬಂದಿಲ್ಲ,” ಅಂದಳು. ಎಳೆ ಬರುವ ಮುಂಚೆಯೇ ಇಳಿಸಬೇಕು ಅಂತ ಹತ್ತನೇ ಸಲ ಹೇಳಿದೆ.

“ಹಂಗಾದ್ರ ನಿನ್ನ ಪಾಲು ಬಾಟ್ಲಿಗೆ ಹಾಕ್ಕೊ, ಉಳಿದದ್ದು ಒಲಿ ಮ್ಯಾಲ ಬಿಡು,” ಅಂದಳು. ನಾನು ನಾಲ್ಕು ಬಾಟಲಿ ತುಂಬಿಕೊಂಡೆ. ಅವಳು ಉಳಿದ ಆಣಕ್ಕೆ ಮತ್ತೆ ಉರಿ ಹಚ್ಚಿ, ಎಳೆ ಬರಿಸಿ, ಹುರಿದಿಟ್ಟ ಶೇಂಗಾ ಸುರಿದಳು. ಹದಿಮೂರು ಉಂಡಿ ಆದವು. ಹನ್ನೆರಡು ಮೊಮ್ಮಕ್ಕಳಿಗೆ. ಒಂದನ್ನು ನನ್ನ ಜರ್ಸಿಯ ಜೇಬಿನಲ್ಲಿ ಇಟ್ಟದ್ದನ್ನು ನಾನು ನೋಡಿದೆ, ತೆಗೆಯಲಿಲ್ಲ.